ಹಾಸನದಲ್ಲಿ ಹೊಸ ಮನೆಯ ಹಿತ್ತಲು: ಕೈತೋಟವನ್ನು ಎಲ್ಲಿಂದ ಆರಂಭಿಸುವುದು?

ಪ್ರಶ್ನೆ: ಹೊಸಮನೆ (ಹಾಸನ)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಹಾಸನದ ಹೊರವಲಯದ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡು ಬಂದೆವು. ಮನೆಯ ಹಿಂದೆ 20 ಅಡಿ ಉದ್ದ, 8 ಅಡಿ ಅಗಲದಷ್ಟು ಜಾಗವನ್ನು ಕೈತೋಟಕ್ಕೆಂದೇ ಬಿಟ್ಟಿದ್ದೇವೆ. ನಾನು ಬೆಳೆದದ್ದೆಲ್ಲ ಪೇಟೆಯ ಬಾಡಿಗೆ ಮನೆಗಳಲ್ಲಿ. ಕುಂಡದ ತುಳಸಿಯೊಂದನ್ನು ಬಿಟ್ಟರೆ ಬೇರೇನನ್ನೂ ಬೆಳೆಸಿದವನಲ್ಲ. ವಾರಕ್ಕೆ ಎರಡು ಬಾರಿಯಾದರೂ ಮಸ್ಸೊಪ್ಪಿಗೋ ಬಸ್ಸಾರಿಗೋ ಆಗುವಷ್ಟು ಸೊಪ್ಪು ಹಿತ್ತಲಿನಿಂದಲೇ ಬರಬೇಕೆಂಬುದು ನನ್ನ ಪತ್ನಿಯ ಆಸೆ; ಟೊಮ್ಯಾಟೊ ಬೆಳೆಯಲೇಬೇಕೆಂಬುದು ನನ್ನ ಹಟ.

ಕಳೆದ ಆಷಾಢದಲ್ಲಿ ಮಾಡಿದ ಮೊದಲ ಪ್ರಯತ್ನ ಪೂರ್ತಿಯಾಗಿ ಕೈಕೊಟ್ಟಿತು. ನರ್ಸರಿಯಿಂದ ತಂದ 12 ಟೊಮ್ಯಾಟೊ ಸಸಿಗಳಲ್ಲಿ 5 ಸಸಿಗಳು ಎಲೆ ಹಸಿರಾಗಿರುವಾಗಲೇ ಒಂದೆರಡು ದಿನಗಳಲ್ಲಿ ಜೋತುಬಿದ್ದು ಸತ್ತವು. ಉಳಿದ 7 ಗಿಡಗಳು ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ ಎಲೆಗಳ ಅಂಚು ಬಿಸಿನೀರು ಬಿದ್ದಂತೆ ಕಂದಾಗಿ, ವಾರದೊಳಗೆ ಗಿಡವೆಲ್ಲ ಕರಗಿಹೋಯಿತು. ಅಡುಗೆ ಮನೆಯ ಡಬ್ಬಿಯಿಂದಲೇ ಕೊತ್ತಂಬರಿ ಬೀಜ ತೆಗೆದು ಬಿತ್ತಿದ್ದೆ. ಎಂಟು ದಿನ ಕಾದೆ, ಏನೂ ಕಾಣಲಿಲ್ಲವೆಂದು ಆ ಪಾತಿಯನ್ನು ಅಗೆದು ಹಾಕಿದೆ. ಹರಿವೆ ಬೀಜ ಬಿತ್ತಿದ ಸಂಜೆ ಪಾತಿಯ ಮೇಲೆ ಇರುವೆಗಳ ಸಾಲು ಕಂಡಿತ್ತು, ಆಮೇಲೆ ಅಲ್ಲಿ ಒಂದೇ ಒಂದು ಮೊಳಕೆಯೂ ಕಾಣಲಿಲ್ಲ.

ಮಣ್ಣಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪಾಯ ತೋಡಿದಾಗ ಮೇಲೆ ಬಂದ ಮಣ್ಣನ್ನೇ ಮೇಸ್ತ್ರಿ ಹಿತ್ತಲಿಗೆ ಹರಡಿಸಿದ್ದಾರೆ. ಗುದ್ದಲಿ ಹಾಕಿದಲ್ಲೆಲ್ಲ ಜಲ್ಲಿ, ಸಿಮೆಂಟಿನ ಹೆಂಟೆ, ಇಟ್ಟಿಗೆಯ ಚೂರು ಸಿಗುತ್ತವೆ. ಜೋರು ಮಳೆ ಬಂದರೆ ನೀರು ಎರಡು ದಿನವಾದರೂ ಇಂಗುವುದಿಲ್ಲ. ಬಿಸಿಲು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಚೆನ್ನಾಗಿ ಬೀಳುತ್ತದೆ.

ಈಗ ಮೇ ಮೂರನೆಯ ವಾರ, ಇನ್ನೇನು ರೋಹಿಣಿ ಮಳೆ ಹಿಡಿಯುವ ಕಾಲ. ಪರಿಚಿತರೊಬ್ಬರು ತಮ್ಮ ಶುಂಠಿ ಹೊಲದ ಅಂಚಿನಿಂದ ಒಂದು ಟ್ರ್ಯಾಕ್ಟರ್ ಲೋಡ್ ಕೆಂಪು ಮಣ್ಣು ಕೊಡುವುದಾಗಿ ಹೇಳಿದ್ದಾರೆ. ಅದನ್ನು ತರಿಸಲೇ? ಯಾವ ತಳಿಯ ಬೀಜ ಕೊಳ್ಳಬೇಕು? ಈ ಮಳೆಗಾಲದಲ್ಲಿ ಏನನ್ನು ಬೆಳೆದರೆ ಕೈಗೆ ಏನಾದರೂ ಸಿಕ್ಕೀತು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರಿಕೆ.

ಉತ್ತರ: ಹಿತ್ತಲ ಬಸಳೆ (ಹಾಸನ, ವಿದ್ಯಾನಗರ)

ನಿಮ್ಮ ಪತ್ರ ಓದಿದಾಗ ನಮ್ಮ ಮನೆಯ ಮೊದಲ ವರ್ಷವೇ ಕಣ್ಣ ಮುಂದೆ ಬಂತು. ತಳಿಯ ಬಗ್ಗೆ ಕೇಳಿದ್ದೀರಿ. ನನ್ನನ್ನು ಕೇಳಿದರೆ ಅದು ಆಮೇಲಿನ ಮಾತು. ಹೊಸದಾಗಿ ತೋಟ ಮಾಡುವವರೆಲ್ಲ ಗಿಡ ಎಲ್ಲಿ ಒಣಗಿಬಿಡುತ್ತದೋ ಎಂದು ಹೆದರುತ್ತಾರೆ, ಆದರೆ ನಮ್ಮ ಊರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಿಡಗಳು ಸಾಯುವುದು ಹೆಚ್ಚಾಗಿ ಬೇರು ಕೊಳೆತು. ಆದ್ದರಿಂದ ಮೊದಲು ನೀರು ಹೋಗಲು ದಾರಿ ಮಾಡಿ; ಬೀಜದ ಪೊಟ್ಟಣ ಬಿಚ್ಚುವುದು ಆಮೇಲೆ.

ಹಿತ್ತಲಿನಲ್ಲಿ ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಡಿಯಾರ ನೋಡಿಕೊಳ್ಳಿ. ಎರಡನೆಯ ಸಲದ ನೀರು ನಾಲ್ಕು ಗಂಟೆಯಾದರೂ ಹಾಗೆಯೇ ನಿಂತಿದ್ದರೆ ಆ ನೆಲದಲ್ಲಿ ನೇರವಾಗಿ ನೆಡುವುದನ್ನು ಮರೆತುಬಿಡಿ, ನೆಲದ ಮೇಲೆ ಏರುಮಡಿ ಕಟ್ಟಿ. ಮನೆ ಕಟ್ಟಿ ಉಳಿದ ಸೈಜುಗಲ್ಲುಗಳು ಮೂಲೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಅವನ್ನೇ ಗಾರೆಯಿಲ್ಲದೆ ಒಂದು ಅಡಿ ಎತ್ತರಕ್ಕೆ ಜೋಡಿಸಿದರೆ ಸಾಕು. ಕಲ್ಲುಗಳ ಸಂದಿಯಲ್ಲಿ ನೀರು ತಾನಾಗಿ ಹೊರಬರುತ್ತದೆ. ಮಡಿಯ ಅಗಲ ಮೂರು ಅಡಿಗಿಂತ ಹೆಚ್ಚಾಗದಿರಲಿ, ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನವರೆಗೆ ಎಟುಕಬೇಕು. ಒಮ್ಮೆ ಮಣ್ಣು ತುಂಬಿದ ಮೇಲೆ ಅದರ ಮೇಲೆ ಕಾಲಿಡಬಾರದು. ಮೊದಲ ವರ್ಷ 10 ಅಡಿ ಉದ್ದದ ಒಂದೇ ಒಂದು ಮಡಿ ಮಾಡಿ. ಇಡೀ ಹಿತ್ತಲನ್ನು ಒಮ್ಮೆಗೇ ಹಿಡಿಯಲು ಹೋದವರ ತೋಟಗಳಲ್ಲಿ ಶ್ರಾವಣದ ಹೊತ್ತಿಗೆ ಕಳೆಯೇ ಎದೆಯೆತ್ತರ ಬೆಳೆದಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮದೂ ಅದರಲ್ಲಿ ಒಂದು.

ಮಡಿ ತುಂಬಲು ಎರಡು ಮಂಕರಿ ಕೆಂಪು ಮಣ್ಣಿಗೆ ಒಂದು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಮಂಕರಿ ಮರಳು ಅಥವಾ ತೆಂಗಿನ ನಾರಿನ ಪುಡಿ, ಈ ಲೆಕ್ಕ ನಮಗೆ ಒಗ್ಗಿದೆ. ಗೊಬ್ಬರ ಕೊಳ್ಳುವಾಗ ಮಾರುವವರ ಮಾತು ನಂಬಬೇಡಿ. ಗುಡ್ಡೆಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಒಳಗೆ ಬೆಚ್ಚಗಿದ್ದರೆ ಅದು ಇನ್ನೂ ಕಳಿಯುತ್ತಿದೆ ಎಂದರ್ಥ, ಅದನ್ನು ಹಾಕಿದರೆ ಎಳೆಯ ಬೇರು ಸುಡುತ್ತದೆ. ಚೆನ್ನಾಗಿ ಕಳಿತ ಗೊಬ್ಬರ ತಣ್ಣಗಿರುತ್ತದೆ, ಸಗಣಿಯ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ, ಹಿಡಿಯಲ್ಲಿ ಅದುಮಿ ಬಿಟ್ಟರೆ ಪುಡಿಪುಡಿಯಾಗುತ್ತದೆ. ಬಿಳಿಯ ಮೈ, ಕಂದು ತಲೆಯ, ಸುರುಳಿ ಸುತ್ತಿಕೊಂಡು ಮಲಗಿರುವ ಗೊಣ್ಣೆಹುಳುಗಳು ಕಂಡರೆ ಗೊಬ್ಬರವನ್ನು ಚೀಲದ ಮೇಲೆ ಹರಡಿ, ಒಂದೊಂದನ್ನೂ ಆರಿಸಿ ತೆಗೆದ ಮೇಲೆಯೇ ಬಳಸಿ. ಅವುಗಳಲ್ಲಿ ಕೆಲವು ಬೇರು ತಿನ್ನುವ ಜಾತಿಯವು.

ಈಗ ಬೀಜದ ವಿಷಯ. ಕೊತ್ತಂಬರಿ ಮೊಳೆಯಲು ಹತ್ತರಿಂದ ಹದಿನೈದು ದಿನ ಬೇಕು. ನೀವು ಎಂಟನೆಯ ದಿನ ಅಗೆದದ್ದೇ ತಪ್ಪಾಯಿತು. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ಕಾಳನ್ನು ನೆಲದ ಮೇಲೆ ಹರಡಿ ಚಪ್ಪಲಿಯ ಅಡಿಯಿಂದ ಹಗುರವಾಗಿ ಉಜ್ಜಿದರೆ ಅದು ಎರಡಾಗಿ ಒಡೆಯುತ್ತದೆ. ಒಡೆದ ಬೀಜವನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು ಬಿತ್ತಬೇಕು. ಕಾಯುವ ತಾಳ್ಮೆ ಇಲ್ಲದಿದ್ದರೆ ಮೆಂತ್ಯದಿಂದ ಆರಂಭಿಸಿ, ಅದು ಮೂರು ನಾಲ್ಕು ದಿನದಲ್ಲೇ ತಲೆ ಎತ್ತುತ್ತದೆ. ಆದರೆ ಇವೆರಡನ್ನೂ ಮಳೆ ಹಿಡಿಯುವ ಮುನ್ನ ಅಥವಾ ಮಳೆ ಬಿಟ್ಟ ಮೇಲೆ ಹಾಕುವುದು ಒಳ್ಳೆಯದು, ಜಡಿಮಳೆಯಲ್ಲಿ ಅವು ಕೊಳೆಯುತ್ತವೆ.

ನಿಮ್ಮ ಹರಿವೆಯನ್ನು ಹೊತ್ತೊಯ್ದದ್ದು ಇರುವೆಗಳೇ, ಅದರಲ್ಲಿ ಅನುಮಾನ ಬೇಡ. ಹರಿವೆ ಬೀಜ ಸಾಸಿವೆಗಿಂತಲೂ ಚಿಕ್ಕದು. ಒಂದು ಚಮಚ ಬೀಜಕ್ಕೆ ಒಂದು ಬೊಗಸೆ ಒಣ ಮರಳು ಬೆರೆಸಿ ತೆಳ್ಳಗೆ ಎರಚಿ, ಮೇಲೆ ಬೆರಳಿನಷ್ಟೂ ಅಲ್ಲ, ಉಗುರಿನಷ್ಟು ಮಣ್ಣು ಉದುರಿಸಿ, ಸುತ್ತಲೂ ಒಲೆಯ ಬೂದಿಯ ಗೆರೆ ಎಳೆಯಿರಿ. ನಮ್ಮ ಅತ್ತೆಯವರು ಮಡಿಯಿಂದ ದೂರಕ್ಕೆ ಒಂದು ಹಿಡಿ ರವೆ ಚೆಲ್ಲುತ್ತಿದ್ದರು. ಇರುವೆಗಳು ಅದನ್ನು ಸಾಗಿಸಿ ಮುಗಿಸುವಷ್ಟರಲ್ಲಿ ಹರಿವೆ ಮೊಳೆತಿರುತ್ತಿತ್ತು. ಬಿತ್ತಿದ 25–30 ದಿನಗಳಿಗೆ ಹರಿವೆ ಸಾರಿಗೆ ಬರುತ್ತದೆ. ಹೊಸಬರಿಗೆ ಇಷ್ಟು ಬೇಗ ಪ್ರತಿಫಲ ಕೊಡುವ ಬೆಳೆ ಇನ್ನೊಂದಿಲ್ಲ.

ಉತ್ತರ: ಕಾರೆಕೆರೆಯ ಹಳೆಯ ವಿದ್ಯಾರ್ಥಿ (ಹಾಸನದ ಕೃಷಿ ಕಾಲೇಜು)

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ, ಬೂದಿಯ ಮಾತೊಂದನ್ನು ಬಿಟ್ಟು. ಸಿಮೆಂಟಿನ ಚೂರು ಬೆರೆತ ಮಣ್ಣು ಮೊದಲೇ ಕ್ಷಾರೀಯವಾಗಿರುತ್ತದೆ, ಬೂದಿಯೂ ಕ್ಷಾರೀಯವೇ. ಗೆರೆ ಎಳೆಯುವಷ್ಟಕ್ಕೆ ಅಡ್ಡಿಯಿಲ್ಲ, ಆದರೆ ಗೊಬ್ಬರವೆಂದು ಮಂಕರಿಗಟ್ಟಲೆ ಬೆರೆಸಬೇಡಿ. ತರಕಾರಿಗಳಿಗೆ ಮಣ್ಣಿನ ರಸಸಾರ (ಹುಳಿ-ಕ್ಷಾರದ ಅಳತೆ, ಪಿಎಚ್) 6ರಿಂದ 7ರ ನಡುವೆ ಇದ್ದರೆ ಹಿತ. ಅನುಮಾನವಿದ್ದರೆ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಕೃಷಿ ವಿಜ್ಞಾನ ಕೇಂದ್ರ ಹಾಸನ ಜಿಲ್ಲೆಗೆ ಕಂದಲಿಯಲ್ಲಿದೆ, ಚಿಕ್ಕಮಗಳೂರು ಜಿಲ್ಲೆಗೆ ಮೂಡಿಗೆರೆಯಲ್ಲಿದೆ. ಹಿತ್ತಲಿನ ಐದಾರು ಕಡೆ ಆರು ಅಂಗುಲ ಆಳಕ್ಕೆ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಿಂದ ಅರ್ಧ ಕಿಲೋ ಕೊಟ್ಟರೆ ಸಾಕು.

ಶುಂಠಿ ಹೊಲದ ಮಣ್ಣನ್ನು ಮಾತ್ರ ಖಂಡಿತ ತರಿಸಬೇಡಿ. ನಿಮ್ಮ 5 ಟೊಮ್ಯಾಟೊ ಸಸಿಗಳು ಹಸಿರಾಗಿರುವಾಗಲೇ ಜೋತುಬಿದ್ದವೆಂದು ಬರೆದಿದ್ದೀರಿ. ಅದು ನೀರು ನಿಂತು ಬೇರು ಉಸಿರುಗಟ್ಟಿದ್ದರಿಂದಲೂ ಆಗಬಹುದು, ದುಂಡಾಣುವಿನಿಂದ (ಬ್ಯಾಕ್ಟೀರಿಯಾ) ಬರುವ ಸೊರಗು ರೋಗದಿಂದಲೂ ಆಗಬಹುದು. ಶುಂಠಿಯನ್ನು ಕಾಡುವ ಸೊರಗು ರೋಗಕ್ಕೂ ಇದೇ ಜಾತಿಯ ದುಂಡಾಣು ಕಾರಣ, ಮತ್ತು ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಮುಂದೆ ಯಾವುದಾದರೂ ಗಿಡ ಹಾಗೆ ಸೊರಗಿದರೆ ಮನೆಯಲ್ಲೇ ಪರೀಕ್ಷಿಸಬಹುದು. ಬುಡದ ಬಳಿ ಕಾಂಡವನ್ನು ಓರೆಯಾಗಿ ಕತ್ತರಿಸಿ, ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆಯೊಂದು ನೀರಿನಲ್ಲಿ ಕೆಳಗಿಳಿಯುವುದು ಕಂಡರೆ ಅದು ದುಂಡಾಣುವೇ. ಆ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಕೆಲವು ವರ್ಷ ಹಾಕಬೇಡಿ.

ಉಳಿದ 7 ಗಿಡಗಳ ಕಥೆ ಬೇರೆ. ಎಲೆಯ ಅಂಚಿನಿಂದ ಬಿಸಿನೀರು ಬಿದ್ದಂತೆ ಕಂದಾಗುವುದು, ವಾರದೊಳಗೆ ಗಿಡ ಕರಗುವುದು, ಇವು ಅಂಗಮಾರಿ ರೋಗದ ಲಕ್ಷಣಗಳು. ಹಾಸನ ಜಿಲ್ಲೆಯಲ್ಲಿ ಈ ರೋಗದ ಪರಿಚಯವಿಲ್ಲದ ಆಲೂಗಡ್ಡೆ ಬೆಳೆಗಾರರೇ ಇಲ್ಲ. ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ತರಿಸಿ ಮುಂಗಾರಿಗೆ ನೆಡುವ ನಮ್ಮ ರೈತರು ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದೊಡನೆ ಔಷಧಿ ಡಬ್ಬ ಹೆಗಲಿಗೇರಿಸುವುದು ಇದಕ್ಕಾಗಿಯೇ. ಆಲೂಗಡ್ಡೆ ಮತ್ತು ಟೊಮ್ಯಾಟೊ ಎರಡಕ್ಕೂ ಬರುವುದು ಒಂದೇ ರೋಗಾಣು, ಅದು ಗಾಳಿಯಲ್ಲಿ ಬಹುದೂರ ಬರುತ್ತದೆ. ಸುತ್ತಲಿನ ಊರುಗಳಲ್ಲೆಲ್ಲ ಆಲೂಗಡ್ಡೆ ಇರುವ ಜುಲೈ ತಿಂಗಳಲ್ಲಿ ಬಯಲಿನಲ್ಲಿ ಟೊಮ್ಯಾಟೊ ನೆಡುವುದೆಂದರೆ ರೋಗಕ್ಕೆ ಎಲೆ ಹಾಕಿ ಬಡಿಸಿದಂತೆ.

ತಳಿಯ ಬಗ್ಗೆ ಕೇಳಿದ್ದೀರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಎಲೆ ಮುದುರು ನಂಜು, ದುಂಡಾಣು ಸೊರಗು, ಎಲೆಯ ಮೇಲೆ ಉಂಗುರದ ಚುಕ್ಕೆ ಮೂಡಿಸುವ ಮುಂಚಿನ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುತ್ತದೆ. ಆದರೆ ಅಂಗಡಿಯವರು ‘ಅಂಗಮಾರಿ ಬರುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಿಮ್ಮ ಗಿಡಗಳನ್ನು ಕರಗಿಸಿದ ಮಳೆಗಾಲದ ಅಂಗಮಾರಿಗೆ ಈ ಮಾತು ಅನ್ವಯಿಸುವುದಿಲ್ಲ. ಜೊತೆಗೆ ಅದು ಸಂಕರಣ ತಳಿ, ಅದರ ಹಣ್ಣಿನಿಂದ ಬೀಜ ಎತ್ತಿಟ್ಟರೆ ಮುಂದಿನ ಗಿಡಗಳು ತಾಯಿಯಂತೆ ಇರುವುದಿಲ್ಲ. ನನ್ನ ಸಲಹೆ ಇಷ್ಟು: ಹಟವನ್ನು ನಾಲ್ಕು ತಿಂಗಳು ಮುಂದೂಡಿ. ಸೆಪ್ಟೆಂಬರ್ ಕೊನೆಯಲ್ಲಿ ಟ್ರೇಯಲ್ಲಿ ಬೀಜ ಹಾಕಿ, ಸಸಿಗೆ 25–30 ದಿನವಾದ ಮೇಲೆ, ಮಳೆ ಹಿಂದೆ ಸರಿಯುವ ಹೊತ್ತಿಗೆ ಎರಡು ಅಡಿ ಅಂತರದಲ್ಲಿ ನಾಟಿ ಮಾಡಿ. ಅಷ್ಟರವರೆಗೆ ಅದೇ ಮಡಿಯಲ್ಲಿ ಸೊಪ್ಪು ಬೆಳೆಯಿರಿ. ಹರಿವೆಯಲ್ಲಿ ಅರ್ಕಾ ಸುಗುಣ ಸಿಕ್ಕರೆ ಒಮ್ಮೆ ಬಿತ್ತಿ ಹಲವು ಬಾರಿ ಕೊಯ್ಯಬಹುದು.

ಉತ್ತರ: ಮೂಡಿಗೆರೆ ತೋಟದವರು

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಇಲ್ಲಿಯ ಮಳೆಯನ್ನು ಹಾಸನದ ಮಳೆಗೆ ಹೋಲಿಸುವಂತಿಲ್ಲ. ನಿಮ್ಮ ಜಿಲ್ಲೆಯೊಳಗೇ ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ ಅರಸೀಕೆರೆಗೆ ಹೋಗುವಷ್ಟರಲ್ಲಿ ಅದರ ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಒಬ್ಬರಿಗೆ ಫಲಿಸಿದ್ದು ನಲವತ್ತು ಮೈಲಿ ಆಚೆಯವರಿಗೆ ಫಲಿಸಲೇಬೇಕೆಂದಿಲ್ಲ. ಉದಾಹರಣೆಗೆ, ನಮ್ಮಲ್ಲಿ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗುತ್ತದೆ, ನಾವು ತೋಟಕ್ಕೆ ಸುಣ್ಣ ಹಾಕಲೇಬೇಕು. ನಮ್ಮನ್ನು ನೋಡಿ ನಿಮ್ಮ ಸಿಮೆಂಟು ಮಣ್ಣಿಗೂ ಸುಣ್ಣ ಹಾಕಿದರೆ ಕೆಟ್ಟಿರಿ.

ಟೊಮ್ಯಾಟೊ ವಿಷಯದಲ್ಲಿ ಮೇಲಿನವರ ಮಾತು ಸರಿ, ಆದರೂ ಹಟ ಬಿಡಲಾರದವರಿಗೆ ಒಂದು ದಾರಿ ಹೇಳುತ್ತೇನೆ. ನಾವು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇ ಇದಕ್ಕೂ ಆಗುತ್ತದೆ, ಏಕೆಂದರೆ ಕೊಳೆರೋಗದ ಮತ್ತು ಈ ಅಂಗಮಾರಿಯ ರೋಗಾಣುಗಳು ಒಂದೇ ಕುಲದವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಇದನ್ನು ಬಳಸಲು ಕಲಿಸಿಕೊಟ್ಟು ನೂರು ವರ್ಷ ದಾಟಿದರೂ ಮಲೆನಾಡಿನಲ್ಲಿ ಇದರ ಬಳಕೆ ನಿಂತಿಲ್ಲ. ಮನೆಯ ಮಟ್ಟಿಗೆ ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), ಇನ್ನರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಸುಣ್ಣ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಡ್ಡಿಯಿಂದ ಕಲಕಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಿರಬೇಕು, ಕಬ್ಬಿಣದ್ದು ಬೇಡವೇ ಬೇಡ. ದ್ರಾವಣ ಆಕಾಶದ ತಿಳಿನೀಲಿಗೆ ಬಂದಾಗ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವಿನ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅಲಗು ಹಾಗೆಯೇ ಹೊಳೆಯುತ್ತಿದ್ದರೆ ಸೋಸಿ, ಅದೇ ದಿನ ಸಿಂಪಡಿಸಿ. ಇದು ರೋಗ ಬರುವ ಮುನ್ನ ತಡೆಯುವ ಮದ್ದು, ಕಂದಾದ ಎಲೆಯನ್ನು ಹಸಿರು ಮಾಡುವುದಿಲ್ಲ. ಸೊಪ್ಪಿನ ಮೇಲೆ ಬೀಳಬಾರದು. ಸಿಂಪಡಿಸಿದ ಮೇಲೆ ಒಂದು ವಾರ ಕಾಯಿ ಕೀಳಬೇಡಿ, ಕಿತ್ತದ್ದನ್ನು ಚೆನ್ನಾಗಿ ತೊಳೆದು ಬಳಸಿ.

ಬಸವನಹುಳುವಿನ ಬಗ್ಗೆ ಯಾರೂ ಹೇಳಲಿಲ್ಲ. ಮುಷ್ಟಿ ಗಾತ್ರದ ಆಫ್ರಿಕಾ ಬಸವನಹುಳುಗಳು ನಮ್ಮ ತೋಟಗಳಲ್ಲಿ ಸಾಕಷ್ಟಿವೆ, ಗೊಬ್ಬರ ಮತ್ತು ನರ್ಸರಿ ಗಿಡಗಳ ಜೊತೆ ಪೇಟೆಗೂ ಬರುತ್ತವೆ. ಸಂಜೆ ಒದ್ದೆ ಗೋಣಿಚೀಲವನ್ನು ಮಡಿಯ ಪಕ್ಕ ಹಾಸಿ, ಅಡಿಗೆ ಪರಂಗಿ ಎಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಸೇರಿಕೊಂಡಿರುತ್ತವೆ. ಬರಿಗೈಯಲ್ಲಿ ಮುಟ್ಟದೆ ಇಕ್ಕಳದಿಂದ ಎತ್ತಿ ಉಪ್ಪುನೀರಿಗೆ ಹಾಕಿ. ಮಡಿಯ ಮೇಲೆ ಮಾತ್ರ ಉಪ್ಪು ಚೆಲ್ಲಬೇಡಿ, ಮಣ್ಣು ಹಾಳಾಗುತ್ತದೆ.

ಇನ್ನು ಫಿಲ್ಟರಿನ ಕಾಫಿ ಚರಟ. ಅದನ್ನು ನೇರವಾಗಿ ಗಿಡದ ಬುಡಕ್ಕೆ ಸುರಿಯುವ ರೂಢಿ ಎಲ್ಲ ಮನೆಗಳಲ್ಲೂ ಇದೆ. ದಪ್ಪಗೆ ಹಾಕಿದರೆ ಅದು ಹಪ್ಪಳಗಟ್ಟಿ ನೀರನ್ನೇ ಒಳಗೆ ಬಿಡುವುದಿಲ್ಲ. ಒಣ ಎಲೆಗಳ ಜೊತೆ ಗೊಬ್ಬರದ ಗುಂಡಿಗೆ ಹೋಗಲಿ.

ಹೊಸಮನೆ (ಹಾಸನ)

ಮೂವರಿಗೂ ಕೃತಜ್ಞತೆಗಳು. ಶುಂಠಿ ಹೊಲದ ಮಣ್ಣು ಬೇಡವೆಂದು ಪರಿಚಿತರಿಗೆ ತಿಳಿಸಿದೆ, ಅವರು ಸ್ವಲ್ಪ ಬೇಸರಪಟ್ಟುಕೊಂಡರು. ನಿನ್ನೆ ಗುಂಡಿ ತೆಗೆದು ನೀರು ತುಂಬಿಸಿ ನೋಡಿದೆ. ಎರಡನೆಯ ಸಲ ಬೆಳಿಗ್ಗೆ ಹತ್ತಕ್ಕೆ ತುಂಬಿಸಿದ ನೀರು ಸಂಜೆ ಐದಕ್ಕೂ ಅರ್ಧ ಗುಂಡಿಯಷ್ಟು ಉಳಿದಿತ್ತು. ಸೈಜುಗಲ್ಲು ಜೋಡಿಸುವ ಕೆಲಸ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.

ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಸೊಗಡಿನ ಅವರೆಯನ್ನು ಈಗಲೇ ಹಾಕಬಹುದೇ? ಉಳಿದ ಜಾಗ ಸಾಲದೆಂದು ತಾರಸಿಯ ಮೇಲೂ ಚೀಲಗಳನ್ನು ಇಡಬಹುದೇ?

ಹಿತ್ತಲ ಬಸಳೆ (ಹಾಸನ, ವಿದ್ಯಾನಗರ)

ಅವರೆಗೆ ಅವಸರ ಬೇಡ. ಹಳೆಯ ಸೊಗಡಿನ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವುದು. ಈಗ ಹಾಕಿದರೆ ಬಳ್ಳಿ ಕಾಂಪೌಂಡು ದಾಟಿ ಪಕ್ಕದ ಮನೆಯವರ ಹಗ್ಗದ ಬಟ್ಟೆಗೆ ಸುತ್ತಿಕೊಳ್ಳುತ್ತದೆಯೇ ಹೊರತು ಕಾಯಿ ಸಿಗುವುದು ಚಳಿಗಾಲಕ್ಕೇ. ಜುಲೈ ಕೊನೆಯಲ್ಲೋ ಆಗಸ್ಟಿನಲ್ಲೋ ಹಾಕಿ, ಹಿತಕಿದ ಬೇಳೆಯ ಸಾರಿನ ಕಾಲಕ್ಕೆ ಸರಿಯಾಗಿ ಬರುತ್ತದೆ. ಕಾರೆಕೆರೆಯವರು ಹೇಳಿಯಾರು, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಲ್ಲಿ ಕಾಲದ ಹಂಗಿಲ್ಲದೆ ಹೂ ಬಿಡುವವು ಇವೆ. ಆದರೆ ಆ ಸೊಗಡು ಅವುಗಳಿಗೆ ಇಲ್ಲವೆಂಬುದು ನಮ್ಮ ಮನೆಯವರ ದೂರು.

ತಾರಸಿಯ ಯೋಚನೆಯನ್ನು ಈ ವರ್ಷ ಬಿಡಿ. 20 ಲೀಟರಿನ ಚೀಲದ ಒದ್ದೆ ಮಣ್ಣು 25–30 ಕಿಲೋ ತೂಗುತ್ತದೆ, ಕೆಳಗೆ ನೀರು ನಿಂತು ತಾರಸಿ ಜಿನುಗಿದರೆ ಮನೆಯಲ್ಲಿ ನಿಮ್ಮ ತೋಟಗಾರಿಕೆಗೆ ವಿರೋಧ ಹುಟ್ಟುತ್ತದೆ.

ಜಡಿಮಳೆಯ ತಿಂಗಳುಗಳಿಗೆ ನಿಮಗೆ ಬೇಕಿರುವುದು ಬಸಳೆ. ಮಳೆಯಲ್ಲಿ ಮೆಂತ್ಯ ಕೊಳೆಯುವಾಗಲೂ ಅದು ಚಪ್ಪರ ಹತ್ತುತ್ತಿರುತ್ತದೆ. ಬೀಜಕ್ಕಿಂತ ಬಳ್ಳಿ ಉತ್ತಮ: ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ತುಂಡು, ಎರಡು ಗಿಣ್ಣು ಮಣ್ಣಿನೊಳಗೆ, ಎರಡು ಗಿಣ್ಣು ಮೇಲೆ. ನಮ್ಮ ಗೋಡೆಯ ಮೇಲಿನದನ್ನು ಮಳೆ ಹಿಡಿಯುವ ಮುನ್ನ ಸವರಲೇಬೇಕು. ಮಡಿ ತುಂಬಿಸಿ, ಗೊಬ್ಬರ ತಣ್ಣಗಾಗಿದೆಯೆಂದು ಕೈ ಹಾಕಿ ನೋಡಿದ ಮೇಲೆ ಇಲ್ಲಿಯೇ ಬರೆಯಿರಿ, ಹತ್ತು ತುಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತೇನೆ.